ಮೊಳವಿಲ್ಲದ ಹೂವು

ದಾವಣಗೆರೆ ಜಿಲ್ಲೆಯ ತ್ಯಾವಣಿಗೆ ಕಡೆಯ ಹೆಂಗಸರ ಕೈಕೆಲಸಕ್ಕೆ ಒಂದೊಂದಕ್ಕೂ ಒಂದೊಂದು ಅಳತೆ ಇದೆ. ಭದ್ರಾ ನಾಲೆಗೆ ನೀರು ಬಿಟ್ಟರೆ ಭತ್ತದ ನಾಟಿಗೆ ಎಕರೆಗಿಷ್ಟು ಎಂದು ಗುತ್ತಿಗೆ ಮಾತಾಗುತ್ತದೆ. ಅಡಿಕೆ ಕೊಯ್ಲು ಬಂದರೆ ಸುಲಿದಷ್ಟನ್ನು ಅಳೆದು ಕೂಲಿ ಎಣಿಸುತ್ತಾರೆ. ದಾವಣಗೆರೆ, ಹರಿಹರದಲ್ಲಿ ಬೀಡಿ ಕಟ್ಟುವವರದು ಸಾವಿರದ ಲೆಕ್ಕ. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೂವಿನವಳದು ಮೊಳದ ಲೆಕ್ಕ. ಈ ಅಳತೆಗಳಲ್ಲೆಲ್ಲ ನ್ಯಾಯವೇ ತುಂಬಿದೆ ಎಂದು ನಾನು ಹೇಳುತ್ತಿಲ್ಲ. ಅಳೆಯುವ ಡಬ್ಬ ದೊಡ್ಡದಾಯಿತು ಎಂದು ಸುಲಿಯುವವರು, ಮೊಳ ಗಿಡ್ಡವಾಯಿತು ಎಂದು ಕೊಳ್ಳುವವರು ಜಗಳ ಆಡುತ್ತಲೇ ಇರುತ್ತಾರೆ. ಆದರೆ ಜಗಳ ಆಡುವುದಕ್ಕಾದರೂ ಅಲ್ಲೊಂದು ಡಬ್ಬ ಇದೆ, ಒಂದು ಮೊಳ ಇದೆ. ಅದೇ ಹೆಂಗಸರು, ಅದೇ ಕೈಗಳು, ಕ್ರೋಶಾ ಕಡ್ಡಿ ಹಿಡಿದು ದಾರದಲ್ಲಿ ಮಾಡಿದ ಹೂವಿಗೆ ಮಾತ್ರ ಮೊಳವಿಲ್ಲ. ಸಂಜೆಗೆ ಬಾಡುವ ಮಲ್ಲಿಗೆಗೆ ಇರುವ ಅಳತೆ, ಹತ್ತಾರು ವರ್ಷ ಬಾಳುವ ದಾರದ ಹೂವಿಗೆ ಯಾಕೆ ಬರಲಿಲ್ಲ? ನಮ್ಮ ಮನೆಗಳ ಕಳೆದ ಐವತ್ತು ವರ್ಷವನ್ನು ನೆನಪು ಮಾಡಿಕೊಂಡಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು. ಅದು ಸುಲಭದ ಕೆಲಸವೆಂದೋ, ಬೇಡಿಕೆ ಇಲ್ಲವೆಂದೋ ಅಳತೆ ತಪ್ಪಿದ್ದಲ್ಲ. ನಾವು ಅದಕ್ಕೆ ‘ಹೊತ್ತು ಕಳೆಯುವುದು’ ಎಂದು ಹೆಸರಿಟ್ಟೆವು, ಆ ಹೆಸರೇ ಅದರ ಕೂಲಿಯನ್ನು ನುಂಗಿತು ಎಂಬುದು ನನ್ನ ವಾದ.

ಎಪ್ಪತ್ತು ಎಂಬತ್ತರ ದಶಕದ ಪಡಸಾಲೆಯನ್ನು ನೆನಪಿಸಿಕೊಳ್ಳಿ. ರೇಡಿಯೋದ ಮೇಲೊಂದು ಹೊದಿಕೆ, ಅದರ ನಾಲ್ಕು ಮೂಲೆಗೆ ನಾಲ್ಕು ಹೂವು. ಟೀವಿ ಬಂದ ಮೇಲೆ ಆ ಹೊದಿಕೆಯೇ ಅಗಲವಾಗಿ ಟೀವಿಯ ಮೇಲೆ ಹತ್ತಿತು. ನೆಂಟರಿಗೆ ತಂದ ಹಾಲಿನ ಲೋಟದ ಮೇಲೆ ಮಣಿ ಪೋಣಿಸಿದ ದುಂಡನೆಯ ಮುಚ್ಚಿಗೆ. ಬಾಗಿಲಿಗೆ ಉಲ್ಲನ್ ತೋರಣ, ದೇವರ ಮಂಟಪಕ್ಕೆ ಅಂಚು, ತಲೆದಿಂಬಿನ ಗಲೀಪಿಗೆ ಲೇಸು, ಮಗುವಿನ ಕುಲಾವಿಯ ಮೇಲೆ ಕಿವಿಯ ಪಕ್ಕ ಒಂದು ಗುಲಾಬಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು. ಹತ್ತಿ ಗಿರಣಿಯ ಸೈರನ್ ಕೇಳಿ ಗಂಡಸರು ಪಾಳಿಗೆ ಹೋಗುತ್ತಿದ್ದರು, ಪಾಳಿಗೆ ಪಗಾರವಿತ್ತು, ಪಗಾರಕ್ಕೆ ಯೂನಿಯನ್ ಇತ್ತು. ಗಿರಣಿಯಲ್ಲಿ ನೂಲು ತೆಗೆದರೆ ಅದು ಉದ್ಯೋಗ, ಮನೆಯಲ್ಲಿ ಅದೇ ನೂಲಿಂದ ಹೂವು ತೆಗೆದರೆ ಅದು ಹವ್ಯಾಸ. ಕನ್ಯೆ ನೋಡಲು ಬಂದವರ ಮುಂದೆ ‘ಹುಡುಗಿ ಕ್ರೋಶಾ ಹಾಕ್ತಾಳೆ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದ ಮನೆಗಳೇ, ಮದುವೆಯಾದ ಮೇಲೆ ಸೊಸೆ ಕಡ್ಡಿ ಹಿಡಿದರೆ ‘ಬೇರೆ ಕೆಲಸ ಇಲ್ವಾ’ ಎನ್ನುತ್ತಿದ್ದವು. ಅಂದರೆ ಅದು ಹೆಣ್ಣಿನ ಗುಣಕ್ಕೆ ಸಾಕ್ಷಿಯಾಗಿ ಬೇಕಿತ್ತು, ಹೆಣ್ಣಿನ ಕೆಲಸವಾಗಿ ಬೇಡವಾಗಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವುಗಳ ಬಗ್ಗೆ ಸುದ್ದಿ ಬಂತು, ಲೇಖನ ಬಂತು. ಟೀವಿಯ ಬೆನ್ನು ಚಪ್ಪಟೆಯಾಗಿ ಅದರ ಮೇಲಿನ ಹೊದಿಕೆ ಟ್ರಂಕಿಗೆ ಇಳಿದಾಗ ಯಾರೂ ಏನೂ ಬರೆಯಲಿಲ್ಲ.

ಈ ಹೂವು ಹೇಗಾಗುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಬೇಕು. ಕಡ್ಡಿ ಎಂದರೆ ಗೇಣುದ್ದದ ಉಕ್ಕಿನ ಸಲಾಕೆ, ತುದಿಯಲ್ಲಿ ಸಣ್ಣ ಕೊಕ್ಕೆ. ಮೊದಲು ಒಂದು ಕುಣಿಕೆ, ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ. ಹೀಗೆ ಐದಾರು ಚೈನು. ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿದರೆ ಕಡಲೆ ಕಾಳಿನಷ್ಟು ದೊಡ್ಡ ಉಂಗುರ. ಆಮೇಲೆ ಆ ಉಂಗುರದೊಳಗೆ ಕಡ್ಡಿ ತೂರಿಸಿ, ದಾರ ಸುತ್ತಿ ಎಳೆದು, ಒಂದು ಗಿಡ್ಡ ಕುಣಿಕೆ, ಪಕ್ಕದಲ್ಲಿ ಮೂರು ಉದ್ದದವು, ಮತ್ತೆ ಒಂದು ಗಿಡ್ಡ. ಅಂಚು ಗಿಡ್ಡ, ನಡು ಉದ್ದವಾದ್ದರಿಂದ ಅದು ತಾನಾಗಿಯೇ ಎಸಳಿನಂತೆ ಉಬ್ಬುತ್ತದೆ. ಐದು ಎಸಳಾದರೆ ದಾರ ಕತ್ತರಿಸಿ, ತುದಿಯನ್ನು ಹಿಂಬದಿಯ ಹೆಣಿಗೆಯಲ್ಲಿ ಹುದುಗಿಸಬೇಕು. ಹುದುಗಿಸುವುದರಲ್ಲಿ ಸೋಮಾರಿತನ ಮಾಡಿದರೆ ಎರಡನೇ ಒಗೆತಕ್ಕೆ ಹೂವು ಬಿಚ್ಚಿಕೊಳ್ಳುತ್ತದೆ. ಎಡಗೈಯ ತೋರುಬೆರಳು ದಾರದ ಬಿಗಿಯನ್ನು ಕಾಯುತ್ತದೆ. ಬಿಗಿ ಹೆಚ್ಚಾದರೆ ಎಸಳು ಬಟ್ಟಲಿನಂತೆ ಮಡಚಿಕೊಳ್ಳುತ್ತದೆ, ಕಡಿಮೆಯಾದರೆ ಜೋತು ಬೀಳುತ್ತದೆ. ಹಾಕಿದ ಹೂವೆಲ್ಲವೂ ಒಂದೇ ಅಳತೆಗೆ ಬರಬೇಕಾದರೆ ಬೆರಳಿಗೆ ವರ್ಷಗಳ ಪಳಗಿಕೆ ಬೇಕು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸ್ವೆಟರ್ ಹೆಣೆಯುವ ಯಂತ್ರವಿದೆ, ಮಗ್ಗವಿದೆ, ಕಂಪ್ಯೂಟರ್ ಕಸೂತಿ ಯಂತ್ರವಿದೆ. ಕೈಯ ಕ್ರೋಶಾವನ್ನು ಹಾಗೆಯೇ ಹಾಕುವ ಯಂತ್ರ ಮಾರುಕಟ್ಟೆಯಲ್ಲಿ ಇಲ್ಲ. ಒಂದೇ ಕುಣಿಕೆ ಕಡ್ಡಿಯ ಮೇಲೆ ಉಳಿದು, ಯಾವ ದಿಕ್ಕಿಗೆ ಬೇಕಾದರೂ ತಿರುಗಿ, ಹಿಂದೆ ಹಾಕಿದ ಯಾವ ಕಣ್ಣಿಗೆ ಬೇಕಾದರೂ ಹೊಕ್ಕುಬರುವ ಕೈಚಳಕ ಯಂತ್ರಕ್ಕೆ ಇನ್ನೂ ಒಗ್ಗಿಲ್ಲ. ಅಂಗಡಿಯಲ್ಲಿ ಕ್ರೋಶಾದಂತೆ ಕಾಣುವ ರೆಡಿಮೇಡ್ ಲೇಸು ಬೇರೆ ಜಾತಿಯದು. ಕರಗುವ ಬಟ್ಟೆಯ ಮೇಲೆ ಯಂತ್ರದ ಕಸೂತಿ ಹಾಕಿ, ಬಟ್ಟೆಯನ್ನು ಕರಗಿಸಿ ತೆಗೆದದ್ದು. ನಿಜವಾದ ಕ್ರೋಶಾ ಹೂವು ಎಲ್ಲಿ ಕಂಡರೂ, ಎಷ್ಟು ಅಗ್ಗವಾಗಿದ್ದರೂ, ಅದರ ಹಿಂದೆ ಯಾರದೋ ಹತ್ತು ಬೆರಳು ಇದ್ದೇ ಇರುತ್ತವೆ.

ಹೊತ್ತು ಕಳೆಯಲು ಹುಟ್ಟಿದ ಕಲೆ ಎನ್ನುವವರು ಇದರ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಘೋರ ಬರ ಬಂತು. ಬರ ಪರಿಹಾರದ ಕೆಲಸವಾಗಿ ಅಲ್ಲಿನ ಕಾನ್ವೆಂಟುಗಳೂ ಪಾದ್ರಿಗಳ ಮನೆಯವರೂ ಹೆಂಗಸರಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಇದನ್ನು ಆರಂಭಿಸಿದ್ದು ಪ್ರಸಿದ್ಧ. ಐರಿಷ್ ಕ್ರೋಶಾದ ವೈಶಿಷ್ಟ್ಯವೇ ಬಿಡಿ ಹೂವು: ಗುಲಾಬಿ, ಎಲೆ, ಬಳ್ಳಿ ಒಂದೊಂದನ್ನೂ ಬೇರೆಬೇರೆಯಾಗಿ ಮಾಡಿ, ಆಮೇಲೆ ಸಣ್ಣ ಜಾಲರಿಯಿಂದ ಕೂಡಿಸುವುದು. ಹಾಗಾಗಿ ಗುಲಾಬಿಯಲ್ಲಿ ಕೈ ಪಳಗಿದವರು ಗುಲಾಬಿಯನ್ನೇ ಮಾಡಿದರು, ಕೂಡಿಸುವವರು ಕೂಡಿಸಿದರು. ಆ ಹೂವು ಮಾರಿದ ಕಾಸು ಕೆಲವು ಮನೆಗಳಲ್ಲಿ ಬಾಡಿಗೆಗೆ ಹೋಯಿತು, ಕೆಲವು ಮನೆಗಳಲ್ಲಿ ಅಮೆರಿಕಕ್ಕೆ ಹೋಗುವ ಹಡಗಿನ ಟಿಕೇಟಾಯಿತು. ನಾವಿಂದು ಬ್ಲೌಸಿನ ತೋಳಿಗೆ ಹಚ್ಚುವ ಒಂಟಿ ಹೂವು ಆ ಬರಗಾಲದ ಸಂತಾನ ಎಂದರೆ ತಪ್ಪಲ್ಲ. ಬಿಡುವು ಹೆಚ್ಚಾದವರು ಕಂಡುಹಿಡಿದ ಆಟವಲ್ಲ ಅದು, ಹಸಿದವರು ಕಲಿತ ಕಸುಬು. ಕಸುಬು ಶ್ರೀಮಂತರ ಪಡಸಾಲೆಗೆ ಬಂದಾಗ ಹವ್ಯಾಸವಾಯಿತು, ಬಡವರ ಮನೆಯಲ್ಲಿ ಹವ್ಯಾಸದ ಹೆಸರು ಹೊತ್ತುಕೊಂಡೇ ಕಸುಬಾಗಿ ಉಳಿಯಿತು.

ನಮ್ಮ ಪಕ್ಕದ ಆಂಧ್ರದ ನರಸಾಪುರ ಇದಕ್ಕೆ ಇನ್ನೂ ಹತ್ತಿರದ ಸಾಕ್ಷಿ. ಗೋದಾವರಿ ತೀರದ ಆ ಊರಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಮಿಶನರಿಗಳ ಮೂಲಕ ಬಂದ ಕ್ರೋಶಾ ಲೇಸು ಮುಂದೆ ರಫ್ತಿನ ಸರಕಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ ಬರೆದ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ 1982ರಲ್ಲಿ ಪ್ರಕಟವಾಯಿತು. ವಿದೇಶದ ಅಂಗಡಿಗಳಿಗೆ ಹೋಗುವ ಲೇಸನ್ನು ಸಾವಿರಾರು ಹೆಂಗಸರು ಮನೆಯೊಳಗೆ ಕೂತು ಹೆಣೆಯುತ್ತಿದ್ದರು. ಆದರೆ ವ್ಯಾಪಾರಿಗಳ ಕಣ್ಣಲ್ಲಿ, ಸರ್ಕಾರದ ಲೆಕ್ಕದಲ್ಲಿ, ಎಷ್ಟೋ ಸಲ ತಮ್ಮ ಮಾತಲ್ಲೇ, ಅವರು ಕಾರ್ಮಿಕರಲ್ಲ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರು. ಮೀಸ್ ತೋರಿಸಿದ ಕಹಿ ಸತ್ಯವೆಂದರೆ, ಹೊರಗೆ ಕೂಲಿಗೆ ಹೋಗುವುದು ಮರ್ಯಾದೆಗೆ ಕಡಿಮೆ ಎಂದುಕೊಂಡ ಮನೆತನದ ಈ ಹೆಂಗಸರಿಗಿಂತ, ಬಿಸಿಲಲ್ಲಿ ಗದ್ದೆ ಕೂಲಿಗೆ ಹೋಗುವ ದಲಿತ ಹೆಂಗಸರ ಗಳಿಕೆಯೇ ಮೇಲಾಗಿತ್ತು. ಹೊಸಿಲು ದಾಟದ ಮರ್ಯಾದೆಗೆ ಅವರು ತೆತ್ತ ಬೆಲೆ ಅದು. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹಳ್ಳಿಗಳಿಗೆ ಈ ಮಾತು ತಾಗುವುದಿಲ್ಲ ಎನ್ನಲಾಗದು. ‘ನಮ್ಮ ಮನೆ ಹೆಣ್ಣುಮಕ್ಕಳು ಕೂಲಿಗೆ ಹೋಗಲ್ಲ, ಮನೇಲೇ ಕೂತು ಕುಚ್ಚು ಹಾಕ್ತಾರೆ’ ಎಂಬ ಮಾತಿನಲ್ಲಿ ಇರುವ ಹೆಮ್ಮೆಯನ್ನೇ, ದರ ಇಳಿಸುವವರು ಬಂಡವಾಳ ಮಾಡಿಕೊಳ್ಳುತ್ತಾರೆ.

ಕುಚ್ಚಿನ ಮಾತು ಬಂತು. ಲೋಟದ ಮುಚ್ಚಿಗೆ ಹೋದ ಮೇಲೆ ಕ್ರೋಶಾ ಸಾಯಲಿಲ್ಲ, ಸೀರೆಯ ಸೆರಗಿಗೆ ವಲಸೆ ಹೋಯಿತು. ಹಿಂದೆ ಸೆರಗಿನ ಬಿಡಿ ಎಳೆಗಳು ಬಿಚ್ಚದಿರಲಿ ಎಂದು ಗಂಟು ಹಾಕುತ್ತಿದ್ದ ಸಾದಾ ಕುಚ್ಚು ಈಗ ಕ್ರೋಶಾ ಕುಚ್ಚಾಗಿದೆ: ಸೆರಗಿನಂಚಿಗೆ ಚೈನಿನ ಸಾಲು, ಅದಕ್ಕೆ ಕಮಾನು, ಕಮಾನಿನ ನೆತ್ತಿಗೆ ಮಣಿ, ನಡುನಡುವೆ ಹೂವು. ಇದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕೋಣ. ಸೀರೆಯ ಅಗಲ ಸುಮಾರು 45 ಅಂಗುಲ. ಒಂದೂವರೆ ಅಂಗುಲಕ್ಕೊಂದರಂತೆ ಹೂವಿಟ್ಟರೆ 30 ಹೂವು. ಪಳಗಿದ ಕೈಗೂ ಹೂವೊಂದಕ್ಕೆ ತುದಿ ಹುದುಗಿಸುವುದೂ ಸೇರಿ 6 ನಿಮಿಷ ಎಂದಿಟ್ಟುಕೊಳ್ಳಿ. ಹೂವಿಗೇ 3 ಗಂಟೆಯಾಯಿತು. ಚೈನು, ಕಮಾನು, ಕುಚ್ಚು ಕಟ್ಟಿ ಸಮ ಕತ್ತರಿಸುವುದಕ್ಕೆ ಇನ್ನೂ 3 ಗಂಟೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನು ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ, ಒಂದು ಹೂವಿಗೆ ನಾಲ್ಕೂವರೆ ರೂಪಾಯಿ ದಾಟುತ್ತದೆ, ಆರು ಗಂಟೆಯ ಸೆರಗಿಗೆ 277 ರೂಪಾಯಿ. ದಾರ, ಮಣಿ, ಸೋತ ಕಣ್ಣಿಗೆ ಬೇಕಾಗುವ ಕನ್ನಡಕ, ತಪ್ಪಿ ಬಿಚ್ಚಿ ಮತ್ತೆ ಹಾಕಿದ್ದು ಯಾವುದೂ ಇದರಲ್ಲಿ ಸೇರಿಲ್ಲ. ಕೆರೆಯ ಹೂಳೆತ್ತುವ ಕೆಲಸಕ್ಕೆ ಸರ್ಕಾರ ಆ ವರ್ಷ ನಿಗದಿ ಮಾಡಿದ ಕೂಲಿ ಇದು, ಕುಸುರಿ ಕೆಲಸದ ಕೂಲಿಯಲ್ಲ. ಅಂಗಡಿಯವರಿಂದ ಸೀರೆ ಪಡೆದು ಕುಚ್ಚು ಹಾಕುವ ಹೆಣ್ಣುಮಕ್ಕಳು ತಮ್ಮ ಕೈಗೆ ಬರುವ ಹಣವನ್ನು ಈ 277ರ ಪಕ್ಕ ಇಟ್ಟು ನೋಡಲಿ. ಗಿರಾಕಿಯಿಂದ ಅಂಗಡಿ ಪಡೆದ ಹಣವನ್ನೂ ಇಟ್ಟು ನೋಡಲಿ. ವಾದ ಅಲ್ಲಿಗೇ ಅರ್ಧ ಮುಗಿಯುತ್ತದೆ.

ಉಳಿದರ್ಧಕ್ಕೆ ಬರುವ ಮೊದಲ ಆಕ್ಷೇಪ ಬಹಳ ಮೃದುವಾದದ್ದು, ಅದಕ್ಕೇ ಬಲವಾದದ್ದು. ಅದರಲ್ಲಿ ಖುಷಿ ಇದೆ, ಮನಸ್ಸಿಗೆ ನೆಮ್ಮದಿ ಇದೆ, ಎಲ್ಲವನ್ನೂ ಕಾಸಿನಲ್ಲಿ ಅಳೆದರೆ ಕೈಯ ಪ್ರೀತಿ ಸತ್ತುಹೋಗುತ್ತದೆ ಎನ್ನುತ್ತಾರೆ. ಮೊಮ್ಮಗುವಿನ ಟೋಪಿಗೆ ಅಜ್ಜಿ ಹಾಕಿದ ಹೂವಿಗೆ ಬಿಲ್ಲು ಬರೆಯಿರಿ ಎಂದು ಯಾರೂ ಹೇಳುವುದಿಲ್ಲ. ಅದು ಕೊಡುಗೆ, ಕೊಡುಗೆಗೆ ಮೊಳ ಬೇಡ. ಆದರೆ ಅದೇ ಅಜ್ಜಿಗೆ ಬೀದಿಯ ಅಂಗಡಿಯವರು ನೂರು ಹೂವು ಬೇಕೆಂದು ಹೇಳಿದ ಕ್ಷಣ ಮಾತು ಬೇರೆಯಾಯಿತು. ಸಂಗೀತಗಾರರು ಖುಷಿಯಿಂದಲೇ ಹಾಡುತ್ತಾರೆ, ಹಾಗೆಂದು ಕಚೇರಿ ಮುಗಿದ ಮೇಲೆ ಬರಿಗೈಯಲ್ಲಿ ಕಳಿಸುವುದಿಲ್ಲ. ಕೆಲಸದಲ್ಲಿ ಸಂತೋಷ ಕಂಡರೆ ಕೂಲಿ ಕಡಿಮೆಯಾಗಬೇಕೆಂಬ ನಿಯಮವನ್ನು ನಾವು ಹೆಂಗಸರಿಗೆ ಮಾತ್ರ ಅನ್ವಯಿಸುತ್ತೇವೆ. ಇನ್ನು ‘ಬಿಡುವಿನ ವೇಳೆ’ ಎಂಬ ಮಾತು. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. ಐದು ಗಂಟೆಯ ಮನೆಗೆಲಸ ಮುಗಿಸಿ, ಕೆಲವರು ಹೊಲದ ಕೆಲಸವನ್ನೂ ಮುಗಿಸಿ, ಉಳಿದ ಹೊತ್ತಿನಲ್ಲಿ ಹಾಕುವ ಹೂವು ಬಿಡುವಿನಿಂದ ಹುಟ್ಟಿದ್ದಲ್ಲ, ವಿಶ್ರಾಂತಿಯನ್ನು ಕತ್ತರಿಸಿ ಮಾಡಿದ್ದು. ಟೀವಿ ನೋಡುತ್ತಾ ಹಾಕುತ್ತಾಳೆ ಎಂಬುದು ಅವಳ ಚಾತುರ್ಯಕ್ಕೆ ಪ್ರಮಾಣವೇ ಹೊರತು ಕೆಲಸ ಹಗುರ ಎಂಬುದಕ್ಕಲ್ಲ. ಲಾರಿ ಚಾಲಕರು ಹಾಡು ಕೇಳುತ್ತಾ ಓಡಿಸುತ್ತಾರೆ ಎಂದು ಯಾರೂ ಬಾಡಿಗೆ ಮುರಿದುಕೊಳ್ಳುವುದಿಲ್ಲ.

ಎರಡನೆಯದು ವ್ಯಾಪಾರದ ಆಕ್ಷೇಪ. ದರ ಏರಿಸಿದರೆ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾರೆ, ಯಂತ್ರದ ಲೇಸು ಕೊಳ್ಳುತ್ತಾರೆ, ಇರುವ ನಾಲ್ಕು ಕಾಸೂ ಹೋಗುತ್ತದೆ. ಈ ಭಯ ಸುಳ್ಳಲ್ಲ, ತಳ್ಳಿಹಾಕಲೂಬಾರದು. ಆದರೆ ಇದರಲ್ಲಿ ಎರಡು ಬೇರೆ ಬೇರೆ ಪೈಪೋಟಿ ಬೆರೆತಿವೆ. ಯಂತ್ರದ ಲೇಸಿನ ಜೊತೆ ದರದಲ್ಲಿ ಸ್ಪರ್ಧಿಸಿದರೆ ಕೈ ಸೋಲುವುದು ಖಂಡಿತ, ಆ ಪಂದ್ಯವನ್ನೇ ಆಡಬಾರದು. ಯಂತ್ರಕ್ಕೆ ಬಾರದ್ದನ್ನು ಯಂತ್ರದ ದರಕ್ಕೆ ಮಾರುವುದು ಮಾರುವವರ ತಪ್ಪಲ್ಲದಿದ್ದರೂ ನಮ್ಮ ಅಜ್ಞಾನದ ಫಲ. ಎರಡರ ವ್ಯತ್ಯಾಸ ಕೊಳ್ಳುವವರಿಗೆ ಗೊತ್ತಿಲ್ಲ, ಹೇಳುವವರಿಲ್ಲ. ಪಕ್ಕದ ಬೀದಿಯ ಪೈಪೋಟಿ ಇನ್ನೂ ಕಷ್ಟದ್ದು, ಏಕೆಂದರೆ ಅಲ್ಲಿ ಇರುವವಳೂ ಇಂಥವಳೇ. ಇದಕ್ಕೆ ಉತ್ತರ ನಮ್ಮ ತೋಟ ಗದ್ದೆಗಳಲ್ಲೇ ಇದೆ. ನಾಟಿ ಹೆಂಗಸರು ಒಬ್ಬೊಬ್ಬರಾಗಿ ದರ ಮಾತಾಡುವುದಿಲ್ಲ, ಗುಂಪಾಗಿ ಮಾತಾಡುತ್ತಾರೆ. ಆ ವರ್ಷದ ದರ ಒಮ್ಮೆ ಬಾಯಿಗೆ ಬಿದ್ದರೆ ಊರಿಗೆಲ್ಲ ಅದೇ. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ಹಳ್ಳಿಹಳ್ಳಿಯಲ್ಲಿ ಹೆಂಗಸರ ಸಂಘಗಳಿವೆ. ವಾರಕ್ಕೊಮ್ಮೆ ಕೂತು ಉಳಿತಾಯದ ಪುಸ್ತಕ ಬರೆಯುವ ಅದೇ ಸಂಘ, ಒಂದು ವಾರ ಕೂತು ಕುಚ್ಚಿನ ದರದ ಹಾಳೆ ಬರೆದರೆ ಸಾಕು. ಸಾಲ ಕೊಡಲು ಗುಂಪು ಬೇಕು, ದರ ಕೇಳಲು ಒಂಟಿ ಇರು ಎನ್ನುವುದು ಯಾವ ನ್ಯಾಯ?

ಮೂರನೇ ಆಕ್ಷೇಪ ಸಂಸ್ಕೃತಿಯ ಹೆಸರಿನದು. ಕ್ರೋಶಾ ಹೊರಗಿನಿಂದ ಬಂದದ್ದು, ಧಾರವಾಡದ ಕಸೂತಿಯಂತೆ ನಮ್ಮದಲ್ಲ, ಇಂದಿನ ಫ್ಯಾಷನ್ ನಾಳೆ ಹೋಗುತ್ತದೆ, ಇದಕ್ಕೇಕೆ ಇಷ್ಟು ತಲೆಬಿಸಿ ಎನ್ನುತ್ತಾರೆ. ಮೆಣಸಿನಕಾಯಿ, ಮೆಕ್ಕೆಜೋಳ ಎರಡೂ ಹೊರಗಿನಿಂದಲೇ ಬಂದವು; ಜಗಳೂರಿನ ಮೆಕ್ಕೆಜೋಳದ ರೈತರಿಗೆ ಬೆಂಬಲ ಬೆಲೆ ಬೇಡ ಎಂದು ಆ ಕಾರಣಕ್ಕೆ ಯಾರೂ ಹೇಳಲಿಲ್ಲ. ಅಲ್ಲದೆ ‘ನಮ್ಮದು’ ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಬೆಲೆ ಬರುತ್ತದೆಯೇ? ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ, ಸಂತ ಸೇವಾಲಾಲರ ನೆಲ. ಈ ಭಾಗದ ತಾಂಡಾಗಳ ಅಜ್ಜಿಯರು ಕನ್ನಡಿ, ಕವಡೆ, ಬಣ್ಣದ ಕುಚ್ಚು ಸೇರಿಸಿ ಹೊಲಿದ ಉಡುಪು ಯಾವ ಕುಸುರಿಗೂ ಕಡಿಮೆಯದಲ್ಲ. ಆದರೆ ಅಂಥದ್ದೇ ಕಲೆಗೆ ಹೆಸರು ಬಂದದ್ದು ಸಂಡೂರಿನಲ್ಲಿ. ಅಲ್ಲಿ ಸಂಘಟನೆ ಇತ್ತು, ಖರೀದಿಗೆ ಒಂದು ಕೇಂದ್ರವಿತ್ತು, ಆ ಬೆನ್ನಿಗೆ ಭೌಗೋಳಿಕ ಗುರುತೂ ಸಿಕ್ಕಿತು. 2023ರಲ್ಲಿ ಹಂಪಿಯ ಜಿ20 ಸಭೆಯಲ್ಲಿ 1755 ಲಂಬಾಣಿ ಕಸೂತಿಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಕಲೆ ಎರಡೂ ಕಡೆ ಇತ್ತು, ಎಣಿಸುವವರು ಒಂದೇ ಕಡೆ ಇದ್ದರು. ಫ್ಯಾಷನ್ ಹೋಗುತ್ತದೆ ಎಂಬುದಕ್ಕಂತೂ ನಮ್ಮ ನೆನಪೇ ಉತ್ತರ. ರೇಡಿಯೋ ಹೊದಿಕೆ ಹೋಯಿತು, ತೋರಣ ಹೋಯಿತು, ಹೂವು ಸೆರಗಿಗೆ ಬಂತು; ನಾಳೆ ಕಿವಿಯೋಲೆಗೋ ತಲೆಯ ಕ್ಲಿಪ್ಪಿಗೋ ಹೋಗುತ್ತದೆ. ವಸ್ತು ಬದಲಾಗುತ್ತದೆ, ಕೈ ಉಳಿಯುತ್ತದೆ. ಬೆಲೆ ಕಟ್ಟಬೇಕಾದ್ದು ಕೈಗೆ.

ಕೊನೆಯ ಆಕ್ಷೇಪ ಆಡಳಿತದವರದು: ಮನೆಯೊಳಗೆ ಕೂತು, ಹೊತ್ತಿಲ್ಲದ ಹೊತ್ತಿನಲ್ಲಿ ಮಾಡುವ ಕೆಲಸವನ್ನು ಎಣಿಸುವುದಾದರೂ ಹೇಗೆ? ಎಣಿಸಬಹುದು ಎಂದು ಬೀಡಿ ತೋರಿಸಿಕೊಟ್ಟಿದೆ. ಬೀಡಿಯನ್ನೂ ಮನೆಯಲ್ಲೇ, ಮೊರ ಮಡಿಲಲ್ಲಿಟ್ಟುಕೊಂಡು, ಅಡುಗೆಯ ನಡುವೆಯೇ ಕಟ್ಟುವುದು. ಆದರೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. 1976ರಲ್ಲಿ ಅವರಿಗೆ ಕಲ್ಯಾಣ ನಿಧಿಯ ಕಾಯ್ದೆ ಬಂತು. ಸಾವಿರ ಬೀಡಿಗೆ ಇಷ್ಟು ಎಂಬ ಕನಿಷ್ಠ ದರ ಬಂತು, ಗುರುತಿನ ಚೀಟಿ ಬಂತು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಜಾರಿಯಲ್ಲಿ ನೂರು ಕೊರತೆ ಇರಬಹುದು, ಆದರೆ ಮನೆಗೆಲಸದ ನಡುವಿನ ಕೆಲಸವನ್ನು ಎಣಿಸಲು ಬರುವುದಿಲ್ಲ ಎಂಬ ಮಾತು ಅಂದೇ ಬಿದ್ದುಹೋಯಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಗೃಹ ಆಧಾರಿತ ಕೆಲಸದ ಒಪ್ಪಂದವನ್ನು, 177ನೇ ಸಂಖ್ಯೆಯದನ್ನು, ಅಂಗೀಕರಿಸಿತು. ಭಾರತ ಅದನ್ನಿನ್ನೂ ಅನುಮೋದಿಸಿಲ್ಲ. ಶ್ವಾಸಕೋಶ ಸುಡುವ ಬೀಡಿ ಎಣಿಕೆಗೆ ಸಿಕ್ಕಿತು, ಸೀರೆಗೆ ಸೊಬಗು ತರುವ ಹೂವು ಇನ್ನೂ ಸಿಕ್ಕಿಲ್ಲ.

ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಮೊಳವನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ. ಕಟ್ಟುವವರು ಮತ್ತು ಕೊಳ್ಳುವವರು ಸೇರಿ ರೂಢಿ ಮಾಡಿದರು. ದಾರದ ಹೂವಿಗೂ ಅಂಥದೊಂದು ರೂಢಿ ಬೇಕು. ಅದು ‘ಸೀರೆಗಿಷ್ಟು’ ಎಂಬ ಮೊಗಮ್ಮಾದ ಮಾತಾಗದೆ ‘ಹೂವಿಗಿಷ್ಟು, ಅಂಗುಲಕ್ಕಿಷ್ಟು’ ಎಂಬ ಎಣಿಕೆಯಾಗಬೇಕು. ಕಡ್ಡಿ ಹಿಡಿದವರು ಒಂದು ದಿನ ಗಡಿಯಾರ ಎದುರಿಟ್ಟುಕೊಂಡು ಹತ್ತು ಹೂವು ಹಾಕಿ, ತಮ್ಮ ಕೈಯ ನಿಮಿಷ ಎಷ್ಟೆಂದು ಬರೆದಿಟ್ಟುಕೊಳ್ಳಲಿ. ಆ ಚೀಟಿಯೇ ಅವರ ಮೊಳ. ಸೀರೆ ಹಿಡಿದು ಅವರ ಬಾಗಿಲಿಗೆ ಹೋಗುವ ನಾವು, ‘ಸ್ವಲ್ಪ ಕಡಿಮೆ ಮಾಡಮ್ಮ’ ಎನ್ನುವ ಮೊದಲು ಸೆರಗಿನ ಮೇಲಿನ ಹೂವನ್ನು ಒಮ್ಮೆ ಎಣಿಸೋಣ.